ಹಿಂದೆ ಸರಿದ ಸ್ಥಾವರ

ನಾನು ಒಂದು ಗಾಳಿಯಂತ್ರ. ಗುಡ್ಡದ ಮೇಲೆ ಸಾಲಾಗಿ ನಿಂತು, ಬಸ್ಸಿನಲ್ಲಿ ಹೋಗುವವರಿಗೆಲ್ಲ ಕೈ ಬೀಸುವ ಜಾತಿಯದಲ್ಲ. ಸಮುದ್ರದ ಮೇಲೆ ತೇಲುವ ಜಾತಿಯದು. ನನ್ನ ಕಾಲ ಕೆಳಗೆ ನೆಲ ಎನ್ನುವುದು ಇರಲೇ ಇಲ್ಲ. ನೀರು ಎಷ್ಟು ಆಳವೆಂದರೆ, ಅಲ್ಲಿ ಕಂಬ ನೆಡುವ ಯೋಚನೆಯನ್ನೇ ಮನುಷ್ಯರು ಕೈಬಿಟ್ಟು ನನ್ನನ್ನು ಮಾಡಿದರು.

ನಾನು ಹುಟ್ಟಿದ್ದು ಹಡಗು ಕಟ್ಟುವ ಅಂಗಳದಲ್ಲಿ. ಅಲ್ಲಿಯವರಿಗೆ ನನ್ನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಹಡಗು ಎನ್ನೋಣವೆಂದರೆ ಮೂತಿ ಇಲ್ಲ, ಕಂಬ ಎನ್ನೋಣವೆಂದರೆ ಬುಡ ಇಲ್ಲ. ಬೆಸುಗೆಯವರು ನನ್ನನ್ನು 'ಮೂರು ಕಾಲಿಂದು' ಎಂದೇ ಕರೆಯುತ್ತಿದ್ದರು. ಅದು ಸರಿಯಾಗಿಯೇ ಇತ್ತು. ಒಳಗೆ ಟೊಳ್ಳಾದ, ಒಂದೊಂದೂ ಒಂದು ಮನೆಯಷ್ಟು ದಪ್ಪದ ಮೂರು ಉಕ್ಕಿನ ಕಾಲುಗಳು ತ್ರಿಕೋನವಾಗಿ ನಿಂತಿದ್ದವು. ಅವುಗಳನ್ನು ಒಂದಕ್ಕೊಂದು ಜೋಡಿಸುವ ತೊಲೆಗಳು. ನಡುವೆ ಗೋಪುರ, ಅದರ ತುದಿಯಲ್ಲಿ ನನ್ನ ತಲೆ, ತಲೆಗೆ ಮೂರು ರೆಕ್ಕೆ. ಪ್ರತಿ ಕಾಲಿನೊಳಗೂ ಗೋಡೆ ಹಾಕಿ ಕೋಣೆ ಕೋಣೆ ಮಾಡಿದ್ದರು. ಒಂದು ಕೋಣೆಗೆ ನೀರು ನುಗ್ಗಿದರೆ ಪಕ್ಕದ ಕೋಣೆ ಒಣಗಿಯೇ ಇರಬೇಕು, ನಾನು ಮುಳುಗಬಾರದು ಎಂಬುದು ಲೆಕ್ಕಾಚಾರ.

ನನ್ನ ವಿನ್ಯಾಸ ಮಾಡಿದವರು ಮಂಗಳೂರಿನ ಕಿಣಿ ಮೇಡಂ. ಗಿಡ್ಡನೆಯ ಹೆಂಗಸು. ತಲೆಗೆ ಹಳದಿ ಟೋಪಿ ಹಾಕಿಕೊಂಡು ನನ್ನ ಕಾಲ ಬಳಿ ನಿಂತರೆ ಕಂಡೂ ಕಾಣದ ಹಾಗಿರುತ್ತಿದ್ದರು. ಅಂಗಳಕ್ಕೆ ಬಂದ ದೊಡ್ಡ ಮನುಷ್ಯರೆಲ್ಲ ಅವರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದಕ್ಕೆ ಹಡಗು ಬಂದು ಬಡಿದರೆ ಏನು ಗತಿ? ಮೇಡಂ ಬೇಸರಿಸದೆ ವಿವರಿಸುತ್ತಿದ್ದರು. ನನ್ನದೇ ರೂಪದ ಚಿಕ್ಕದೊಂದು ಗೊಂಬೆ ಮಾಡಿ, ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಅದಕ್ಕೆ ಮರದ ಹಡಗನ್ನು ಮತ್ತೆ ಮತ್ತೆ ಡಿಕ್ಕಿ ಹೊಡೆಸಿ ನೋಡಿದ್ದರಂತೆ. ನೆಲಕ್ಕೆ ನೆಟ್ಟ ಕಂಬಕ್ಕೆ ಹಡಗು ಬಡಿದರೆ ಏಟೆಲ್ಲ ಕಂಬದ ಮೈಗೇ ಹೋಗುತ್ತದೆ, ಕಂಬ ಸೊಟ್ಟಗಾಗುತ್ತದೆ, ಇಲ್ಲವೇ ಹಡಗಿನ ಹೊಟ್ಟೆ ಒಡೆಯುತ್ತದೆ. ತೇಲುವುದಕ್ಕೆ ಬಡಿದರೆ ಅದು ಹಿಂದಕ್ಕೆ ಸರಿಯುತ್ತದೆ. ಏಟಿನಲ್ಲಿ ಬಹುಪಾಲು ಸರಿಯುವುದರಲ್ಲೇ ಖರ್ಚಾಗಿಹೋಗುತ್ತದೆ. ಬಸ್ಸಿನಲ್ಲಿ ಯಾರಾದರೂ ಮೇಲೆ ಬಿದ್ದರೆ ನಾವು ಒಂದು ಹೆಜ್ಜೆ ಹಿಂದೆ ಇಡುತ್ತೇವಲ್ಲ, ಹಾಗೆ, ಎಂದು ಮೇಡಂ ನಕ್ಕು ಹೇಳುತ್ತಿದ್ದರು. ದೊಡ್ಡ ಮನುಷ್ಯರೂ ತಲೆಯಾಡಿಸಿ ನಗುತ್ತಿದ್ದರು.

ನನಗೆ ಅದನ್ನು ಕೇಳಿ ಹೆಮ್ಮೆಯಾಗುತ್ತಿತ್ತು. ಇಷ್ಟು ದೊಡ್ಡ ಮೈ ಇಟ್ಟುಕೊಂಡೂ ನಾನು ಯಾರೊಂದಿಗೂ ಜಿದ್ದಿಗೆ ಬೀಳುವವನಲ್ಲ ಎಂಬ ಹೆಮ್ಮೆ ಅದು. ಬಸ್ಸಿನಲ್ಲಿ ನಮ್ಮ ಹಿಂದೆ ಇನ್ನೊಬ್ಬರು ನಿಂತಿರಬಹುದಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನನಗಂತೂ ಬಸ್ಸು ಎಂದರೇನು ಎಂಬುದೇ ಗೊತ್ತಿರಲಿಲ್ಲ.

ಒಂದು ತಿಳಿಯಾದ ಬೆಳಿಗ್ಗೆ ಎಳೆದೋಣಿಗಳು ನನ್ನನ್ನು ಕಡಲಿಗೆ ಎಳೆದೊಯ್ದವು. ದಡ ಸಣ್ಣಗಾಗುತ್ತ ಆಗುತ್ತ ಗೆರೆಯಾಯಿತು, ಆಮೇಲೆ ಅದೂ ಇಲ್ಲವಾಯಿತು. ಅಲ್ಲಿ ನನ್ನ ಮೂರು ಕಾಲಿಗೂ ಮೂರು ದಿಕ್ಕಿಗೆ ಸರಪಳಿ ಕಟ್ಟಿದರು. ಸರಪಳಿಯ ಇನ್ನೊಂದು ತುದಿಯ ಲಂಗರು ಕಡಲ ತಳದ ಕೆಸರಿನಲ್ಲಿ ಹೂತುಕೊಂಡಿತು. ಆದರೆ ಸರಪಳಿಗಳನ್ನು ಬಿಗಿಯಾಗಿ ಎಳೆದು ಕಟ್ಟಿರಲಿಲ್ಲ. ಅವುಗಳ ಬಹುಭಾಗ ತಳದಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಗಾಳಿ ತಳ್ಳಿದರೆ ನಾನು ಅಷ್ಟು ದೂರ ಹೋಗಬಹುದು. ಹೋದಷ್ಟೂ ತಳದಲ್ಲಿ ಮಲಗಿದ ಸರಪಳಿ ಮೇಲೇಳುತ್ತದೆ, ಅದರ ಭಾರವೇ ನನ್ನನ್ನು ಮರಳಿ ಎಳೆದು ತರುತ್ತದೆ. ಅಂಗಳದಲ್ಲಿ ಹಗ್ಗ ಉದ್ದ ಬಿಟ್ಟು ಕಟ್ಟಿದ ದನದ ಬದುಕು ನನ್ನದು. ಮೇಯಲು ಹುಲ್ಲಿರಲಿಲ್ಲ, ಗಾಳಿ ಇತ್ತು. ಅದನ್ನೇ ಮೇದು ದಡಕ್ಕೆ ವಿದ್ಯುತ್ತು ಕಳಿಸುತ್ತಿದ್ದೆ.

ನನ್ನ ಮೊದಲ ಯಜಮಾನರು ಒಂದು ದೊಡ್ಡ ಕಂಪನಿ. ದೊಡ್ಡ ಕಂಪನಿಯೆಂದರೆ ಮುಖವಿಲ್ಲದ ಯಜಮಾನ. ನಾನು ಕಂಡದ್ದು ಅವರು ಕಳಿಸಿದ ಜನರನ್ನು, ಅದೂ ಬಹುಪಾಲು ಅವರ ಬೂಟಿನ ಅಡಿಯನ್ನು. ಏಣಿ ಹತ್ತುವವರನ್ನು ಕೆಳಗಿನಿಂದ ನೋಡಿದರೆ ಕಾಣುವುದು ಅಷ್ಟೇ. ಆ ಬೂಟುಗಳಲ್ಲಿ ನನಗೆ ಬೇಗ ಗುರುತಾದದ್ದು ತೋಂಟೇಶನದು. ಗದಗಿನವನು. ಅಲ್ಲಿಯ ಗುಡ್ಡದ ಗಾಳಿಯಂತ್ರಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಪಳಗಿದವನು. ಕಡಲು ಎಂದರೆ ಮಾತ್ರ ಹೊಟ್ಟೆ ತೊಳಸುವುದು. ಮೊದಲ ಸಲ ನನ್ನ ತಲೆಯವರೆಗೆ ಹತ್ತಿ ಬಂದವನು ಕೆಲಸ ಮುಟ್ಟುವ ಮೊದಲೇ ಮೂಲೆಯಲ್ಲಿ ಕೂತು ವಾಂತಿ ಮಾಡಿಕೊಂಡ. ಗುಡ್ಡದ ಯಂತ್ರಗಳು ನೆಟ್ಟಗೆ ನಿಂತಿರುತ್ತವೆ, ಇದು ಕುಡಿದವರ ಹಾಗೆ ತೂಗಾಡುತ್ತದೆ ಎಂದು ಜೊತೆಯವರ ಬಳಿ ನನ್ನನ್ನು ಬಯ್ದ. ನಾನು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ತೂಗಾಟ ಅವನ ಹೊಟ್ಟೆಗೆ ತಿಳಿದಷ್ಟು ಚೆನ್ನಾಗಿ ಬೇರೆ ಯಾರ ಹೊಟ್ಟೆಗೂ ತಿಳಿಯಲಿಲ್ಲ.

ಬರಬರುತ್ತ ಅವನಿಗೆ ಒಗ್ಗಿತು. ಕೆಲಸ ಮುಗಿದ ಮೇಲೆ ಕೆಳಗಿನ ಅಟ್ಟದಲ್ಲಿ ಕೂತು ಖಟಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದ. ಕಡಲಿಗೆ ಬೆನ್ನು ಹಾಕಿಯೇ ಊಟ ಮಾಡುತ್ತಿದ್ದ.

ಆಗ ನನ್ನ ಸುತ್ತ ಕಾವಲು ದೋಣಿಯೊಂದು ತಿರುಗುತ್ತಿತ್ತು. ಮೀನುಗಾರರು ಹತ್ತಿರ ಬಂದರೆ ಮೈಕಿನಲ್ಲಿ ಕೂಗಿ ಅಟ್ಟುವುದು ಅದರ ಕೆಲಸ. ಮೀನುಗಾರರು ಬರದೆ ಇರಲು ಸಾಧ್ಯವೇ? ತೇಲುವ ವಸ್ತುವಿನ ನೆರಳಿನಲ್ಲಿ ಮೀನು ಸೇರುತ್ತದೆ. ನನ್ನ ಕಾಲುಗಳಿಗೆ ಪಾಚಿ ಹತ್ತಿತು, ಚಿಪ್ಪು ಹತ್ತಿತು, ಅದನ್ನು ತಿನ್ನಲು ಸಣ್ಣ ಮೀನು ಬಂತು, ಸಣ್ಣದನ್ನು ತಿನ್ನಲು ಅಂಜಲ್ ಬಂತು. ಯಾರೂ ಕೇಳದೆಯೇ ನಾನು ಒಂದು ಊರು ಸಾಕತೊಡಗಿದ್ದೆ.

ಕಾವಲು ದೋಣಿಗೆ ಹೆದರದೆ ಬರುತ್ತಿದ್ದವನು ವಾಸು ಮರಕಾಲ. ಗಂಗೊಳ್ಳಿ ಕಡೆಯ ಮೊಗವೀರ. ಸಣ್ಣ ಇಂಜಿನ್ನಿನ ದೋಣಿ, ಗಾಳದ ಕಸುಬು. ಅಳಿಯಸಂತಾನದ ಕಟ್ಟಿನವರು, ಜೊತೆಗೆ ಅಕ್ಕತಂಗಿಯರ ಮಗ ಯಾರಾದರೂ ಇರಲೇಬೇಕಲ್ಲ. ತಂಗಿ ಸೀತುವಿನ ಮಗ, ಮೀಸೆ ಬಲಿತ ಗಂಡಸು ಪುರಂದರ, ಇಂಜಿನ್ ನೋಡಿಕೊಳ್ಳುತ್ತಿದ್ದ. ವಾಸುವಿಗೆ ಮದುವೆಯಾಗಿರಲಿಲ್ಲ. ಸೀತುವಿನ ಗಂಡ ಬೇಗ ಹೋಗಿಬಿಟ್ಟಿದ್ದ. ಹೀಗಾಗಿ ಒಂದು ಒಲೆ, ಮೂರು ಜನ. ದೋಣಿಯಲ್ಲಿ ಅವನ ಮಾತೆಲ್ಲ ತಂಗಿಯ ಸುತ್ತಲೇ ತಿರುಗುತ್ತಿತ್ತು. ಸೀತು ಇವತ್ತು ಕಾಣೆ ಮೀನು ಕೇಳಿದ್ದಾಳೆ, ಸೀತುವಿಗೆ ಗಂಟುನೋವು, ಸೀತು ಮಾಡುವ ಸಾರಿಗೆ ಹುಳಿ ಸ್ವಲ್ಪ ಜಾಸ್ತಿ, ಹೇಳಿದರೆ ಸಿಟ್ಟು ಬರುತ್ತದೆ. ಕಣ್ಣಿಂದ ನೋಡದೆಯೇ ನನಗೆ ಆ ಹೆಂಗಸಿನ ಅಡುಗೆಮನೆ ಪರಿಚಯವಾಯಿತು.

ನನ್ನ ಒಂದು ಕಾಲಿನ ಮೇಲೆ ಕೆಂಪು ಅಕ್ಷರದ ಫಲಕವಿತ್ತು. 'ಪವನ ವಿದ್ಯುತ್ ಸ್ಥಾವರ – ೩. ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ.' ಒಂದು ದಿನ ಕಾವಲು ದೋಣಿ ಡೀಸೆಲ್ಲಿಗೆ ದಡಕ್ಕೆ ಹೋಗಿತ್ತು. ವಾಸು ದೋಣಿಯನ್ನು ಹತ್ತಿರ ತಂದು ಫಲಕವನ್ನೇ ನೋಡುತ್ತ ನಿಂತ. ಅಟ್ಟದ ಮೇಲೆ ತೋಂಟೇಶ ರೊಟ್ಟಿ ತಿನ್ನುತ್ತಿದ್ದ. ವಾಸುವಿಗೆ ಒಂದು ಅನುಮಾನ ಇದ್ದಿರಬೇಕು. ಇಷ್ಟು ಆಳದಲ್ಲಿ ಇದು ನಿಂತದ್ದು ಹೇಗೆ, ಕಲ್ಲಿನ ಹಾಗೆ ನಿಂತಿದೆಯೋ ದೋಣಿಯ ಹಾಗೆ ತೇಲುತ್ತಿದೆಯೋ ಎಂದು. ಅದನ್ನೇ ನೇರವಾಗಿ ಕೇಳಿದ್ದರೆ ಆಗುತ್ತಿತ್ತು. ಅವನು ಫಲಕದ ಮಾತನ್ನು ಕೇಳಿದ.

"ಸ್ಥಾವರ ಅಂದ್ರೆ ಎಂತ ಮರಾಯ್ರೆ?"

ತೋಂಟೇಶನಿಗೆ ಖುಷಿಯಾಯಿತು. ಮಠದ ಶಾಲೆಯಲ್ಲಿ ಓದಿದವನು. ಈ ಕಡಲ ಮೇಲೆ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಅದೊಂದೇ ಮಾತು ಎನ್ನಿ. ವಿದ್ಯುತ್ತಿನ ಸ್ಥಾವರ ಎಂದರೆ ಬರೀ ಕಾರ್ಖಾನೆ ಎಂಬ ಅರ್ಥ ಅವನ ನೆನಪಿಗೆ ಬರಲೇ ಇಲ್ಲ. ಬಾಯಲ್ಲಿದ್ದ ತುತ್ತು ನುಂಗಿ ಹೇಳಿದ.

"ಸ್ಥಾವರ ಅಂದ್ರ ನಿಂತದ್ದರೀ. ಒಂದು ಕಡೆ ಕುಂತದ್ದು, ಅಲುಗಲಾರದ್ದು. ಅಡ್ಯಾಡೂದಕ್ಕ ಜಂಗಮ ಅಂತಾರ."

ವಾಸು ತಲೆಯಾಡಿಸಿದ. ಪುರಂದರನ ಕಡೆ ತಿರುಗಿ, ನಾನು ಹೇಳಿರಲಿಲ್ಲವೇ ಎನ್ನುವ ಹಾಗೆ ನೋಡಿದ. ಅಷ್ಟರಲ್ಲಿ ಕಾವಲು ದೋಣಿ ಮರಳಿ ಬಂದು ಕೂಗತೊಡಗಿತು, ಇವರು ಹೊರಟರು. ತೋಂಟೇಶ ಎದ್ದು ನಿಲ್ಲಲು ಹೋಗಿ, ನಾನು ಅಲೆಗೆ ಬಾಗಿದ್ದರಿಂದ ಮುಗ್ಗರಿಸಿ ಕಂಬಿ ಹಿಡಿದುಕೊಂಡ. ಆಗಲೂ ಅವನಿಗೆ ತಾನೇನು ಹೇಳಿದೆನೆಂದು ಹೊಳೆಯಲಿಲ್ಲ. ಅವನು ಹೇಳಿದ್ದು ಶಬ್ದದ ಮಟ್ಟಿಗೆ ಸರಿಯಾಗಿಯೇ ಇತ್ತು. ತಪ್ಪಾದದ್ದು ನನ್ನ ಮಟ್ಟಿಗೆ.

ಅಂದಿನಿಂದ ಅವರ ದೋಣಿಗಳಲ್ಲಿ ನನಗೆ ಹೊಸ ಹೆಸರು ಬಂತು: ಫ್ಯಾನುಕಲ್ಲು. ಕಡಲಲ್ಲಿ ಎದ್ದು ನಿಂತ ಬಂಡೆಗಳಿಗೆಲ್ಲ ಅವರು ಒಂದೊಂದು ಹೆಸರಿಟ್ಟಿರುತ್ತಾರೆ. ಯಾವ ಕಲ್ಲಿನ ಹಿಂದೆ ಯಾವ ಗಾಳಿಗೆ ಮರೆ ಸಿಗುತ್ತದೆ ಎಂಬುದು ಅವರ ಬಾಯಿಪಾಠ. ಹಠಾತ್ತನೆ ಗಾಳಿ ಎದ್ದರೆ ಗಾಳಿ ಬರುವ ಕಡೆಗೆ ಕಲ್ಲನ್ನು ಬಿಟ್ಟು, ಅದರ ಬೆನ್ನಿಗೆ ದೋಣಿ ನಿಲ್ಲಿಸಿ ಕಾಯುವುದು ಅವರ ಹಿರಿಯರಿಂದ ಬಂದ ರೀತಿ. ಎಷ್ಟೋ ಜೀವಗಳನ್ನು ಉಳಿಸಿದ ರೀತಿ ಅದು. ಆ ಕಲ್ಲುಗಳ ಪಟ್ಟಿಗೆ ನಾನೂ ಸೇರಿಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಆ ಹೆಸರು ಇಷ್ಟವಾಗಿತ್ತು. ಕಡಲಿಗೆ ಬಂದ ಮೇಲೆ ಎಲ್ಲರೂ ನನ್ನನ್ನು ಸಂಖ್ಯೆಯಿಂದ ಕರೆಯುತ್ತಿದ್ದಾಗ ಹೆಸರಿಟ್ಟವರು ಅವರು ಮಾತ್ರ.

ಕೆಲವು ವರ್ಷಗಳಲ್ಲಿ ನನ್ನನ್ನು ಇನ್ನೊಂದು ಕಂಪನಿಗೆ ಮಾರಿದರು. ಬೂಟುಗಳ ಬಣ್ಣ ಬದಲಾಯಿತು, ಫಲಕದಲ್ಲಿ ಹೆಸರು ಬದಲಾಯಿತು, ಸ್ಥಾವರ ಎಂಬ ಮಾತು ಹಾಗೆಯೇ ಉಳಿಯಿತು. ತೋಂಟೇಶನೂ ಉಳಿದ. ಕಾವಲು ದೋಣಿ ಮಾತ್ರ ಉಳಿಯಲಿಲ್ಲ. ಹೊಸಬರು ಅದನ್ನು ದಂಡ ಎಂದರು. ಕ್ಯಾಮೆರಾ ಇದೆ, ದೀಪ ಇದೆ, ಸಾಕು ಎಂದರು. ಕ್ಯಾಮೆರಾ ಯಾರನ್ನೂ ಕೂಗಿ ಅಟ್ಟುವುದಿಲ್ಲ. ವಾಸು ಈಗ ರಾಜಾರೋಷವಾಗಿ ಬಂದು ನನ್ನ ಏಣಿಗೇ ಹಗ್ಗ ಕಟ್ಟತೊಡಗಿದ. ದೋಣಿಯೂ ನಾನೂ ಒಟ್ಟಿಗೇ ತೂಗುತ್ತಿದ್ದೆವು, ತೂಗುತ್ತಿರುವುದು ತನ್ನ ದೋಣಿ ಮಾತ್ರ ಎಂದೇ ಅವನು ತಿಳಿದಿದ್ದ. ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ನೆರಳಿಗೆ ದೋಣಿ ತಂದು, ಟೋಪಿ ಮುಖದ ಮೇಲೆ ಎಳೆದುಕೊಂಡು ನಿದ್ದೆ ಮಾಡುತ್ತಿದ್ದ. ಆ ಗೊರಕೆ ನನಗೆ ರೂಢಿಯಾಯಿತು. ಅವನು ಬಾರದ ದಿನ ಕಡಲು ವಿಶಾಲವಾಗಿ ಕಂಡು ಮನಸ್ಸಿಗೆ ಪಿಚ್ಚೆನ್ನುತ್ತಿತ್ತು.

ಮೇ ತಿಂಗಳ ಕೊನೆ. ಮೀನುಗಾರಿಕೆಗೆ ರಜೆ ಬೀಳುವ ಮುಂಚಿನ ಕೊನೆಯ ಓಡಾಟ. ಬೆಳಿಗ್ಗೆ ಬಂದಾಗ ಕಡಲು ಎಣ್ಣೆಯಷ್ಟು ಶಾಂತವಾಗಿತ್ತು. ಊಟದ ಹೊತ್ತಿಗೆ ನೈಋತ್ಯದಲ್ಲಿ ಕಪ್ಪು ಕಟ್ಟಿತು. ದೋಣಿಯ ವೈರ್‌ಲೆಸ್ಸಿಗೆ ಎಚ್ಚರಿಕೆ ಬಂತು, ಅವರು ಗಾಳ ಸುತ್ತಿ ದಡದ ಕಡೆ ಹೊರಟರು. ಆದರೆ ಗಾಳಿ ಅವರಿಗಿಂತ ಬೇಗ ಬಂತು. ಅಲೆ ದೋಣಿಯೊಳಕ್ಕೇ ಬೀಳತೊಡಗಿದಾಗ ವಾಸು ದೋಣಿಯನ್ನು ತಿರುಗಿಸಿ ನನ್ನ ಕಡೆಗೇ ತಂದ. ಗಾಳಿ ನೈಋತ್ಯದಿಂದ ಬೀಸುತ್ತಿತ್ತು, ಅವನು ನನ್ನ ಈಶಾನ್ಯದ ಕಾಲಿನ ಬೆನ್ನಿಗೆ ಹೋಗಿ ಏಣಿಗೆ ಹಗ್ಗ ಬಿಗಿದ. ಅಲ್ಲಿ ನಿಜವಾಗಿಯೂ ಮರೆ ಇತ್ತು. ನನ್ನ ಎರಡು ಕಾಲುಗಳು ಅಲೆಯನ್ನು ಒಡೆಯುತ್ತಿದ್ದವು, ಮೂರನೆಯದರ ಹಿಂದೆ ನೀರು ಅಷ್ಟಾಗಿ ಏಳುತ್ತಿರಲಿಲ್ಲ. ನನ್ನ ರೆಕ್ಕೆಗಳು ಗಾಳಿಗೆ ಅಂಚು ತಿರುಗಿಸಿ ಸುಮ್ಮನಾಗಿದ್ದವು. ಅವರಿಬ್ಬರನ್ನು ನನ್ನ ಬೆನ್ನಿಗೆ ಇಟ್ಟುಕೊಂಡು ನಾನು ಸಂತೋಷದಿಂದಲೇ ನಿಂತಿದ್ದೆ. ಕೊನೆಗೂ ಒಂದು ಉಪಯೋಗಕ್ಕೆ ಬಂದೆ ಅನ್ನಿಸಿತ್ತು.

ಆಗ ಹಡಗು ಕಂಡಿತು. ಕಲ್ಲಿದ್ದಲು ತುಂಬಿದ ಹಡಗು, ಇಂಜಿನ್ ಸತ್ತು ಹೋಗಿತ್ತು. ಮೂತಿ ಎತ್ತಲೋ ಇಟ್ಟುಕೊಂಡು, ಇಡೀ ಮೈಯನ್ನು ಅಡ್ಡಲಾಗಿ ಗಾಳಿಗೆ ಕೊಟ್ಟು ನನ್ನ ಕಡೆಗೇ ಬರುತ್ತಿತ್ತು. ಭೋಂ ಎಂದು ಸೈರನ್ ಕೂಗುತ್ತಲೇ ಇತ್ತು. ಜೋರಾಗಿಯೇನೂ ಬರುತ್ತಿರಲಿಲ್ಲ, ನಡೆದು ಬರುವವನ ವೇಗ. ಆದರೆ ಅಷ್ಟು ಭಾರ ನಿಧಾನವಾಗಿ ಬರುವುದನ್ನು ನೋಡುವುದಿದೆಯಲ್ಲ, ಅದು ಬೇಗ ಬರುವುದಕ್ಕಿಂತ ಭಯಂಕರ.

ಪುರಂದರ ಎದ್ದು ನಿಂತು ನನ್ನ ಕಾಲುಗಳ ಸಂದಿಯಿಂದ ಅದನ್ನು ನೋಡಿದ. ಹಗ್ಗ ಬಿಚ್ಚೋಣ, ದೂರ ಹೋಗೋಣ ಎಂದು ಇಂಜಿನ್ನಿಗೆ ಕೈ ಹಾಕಿದ. ವಾಸು ಅವನ ಕೈ ಹಿಡಿದ. ಹೊರಗೆ ಅಲೆ ಗೋಡೆಯ ಹಾಗೆ ಏಳುತ್ತಿತ್ತು. ಆ ದೋಣಿ ಅಲ್ಲಿ ಬದುಕುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಇದ್ದ ಎರಡು ದಾರಿಯಲ್ಲಿ ಯಾವುದು ಎಂದು ಅವನು ಆರಿಸಬೇಕಿತ್ತು. ಏಣಿ ಹತ್ತಿ ಮೇಲೆ ಹೋಗುವ ಮೂರನೆಯ ದಾರಿಯೂ ಇತ್ತು. ಆದರೆ ಕಲ್ಲಿನ ಮರೆಯಲ್ಲಿ ದೋಣಿ ಬಿಟ್ಟು ಹತ್ತುವ ರೂಢಿ ಅವರಲ್ಲಿಲ್ಲ. ದೋಣಿ ಹೋದರೆ ಮನೆಯೇ ಹೋದಂತೆ.

"ಹೊರಗ್ ಹೋರೆ ತೆರಿ ಮಗುಚಿ ಹಾಕತ್. ಇದ್ ಸ್ಥಾವರ ಕಾಣ್, ಅಲುಗುದಿಲ್ಲೆ. ಹಡಗ್ ಬಂದ್ ಬಡಿದ್ರೂ ಹಡಗೇ ನಿಲ್ಕ್. ನೀ ಸುಮ್ಮನ್ ಕೂಕೊ."

ನನಗೆ ಬಾಯಿಲ್ಲ. ಇದ್ದಿದ್ದರೆ ಅಂದು ಒಂದು ಸಲ ಕೂಗಿ, ಮತ್ತೆ ಜನ್ಮದಲ್ಲಿ ಮಾತಾಡದೆ ಇರುತ್ತಿದ್ದೆ. ನಾನು ಕಲ್ಲಲ್ಲ ವಾಸು, ನನ್ನನ್ನು ಸರಿಯುವುದಕ್ಕೆಂದೇ ಮಾಡಿದ್ದಾರೆ ಎಂದು ಕೂಗುತ್ತಿದ್ದೆ. ಪುರಂದರ ಮಾವನ ಮಾತು ಮೀರಿ ಏಣಿಗೆ ಒಂದು ಕೈ ಹಾಕಿ ನಿಂತಿದ್ದ. ಅಷ್ಟರಲ್ಲಿ ಹಡಗು ಬಂದು ತಾಗಿತು.

ಮೊದಲು ಸೋತದ್ದು ನನ್ನ ಚರ್ಮ. ಗಾಳಿಗೆದುರಿದ್ದ ಎರಡು ಕಾಲುಗಳಲ್ಲಿ ಒಂದರ ತಗಡು ನೀರಿನ ಮಟ್ಟದಲ್ಲಿ ಒಳಕ್ಕೆ ತಗ್ಗಿತು, ಒಳಗಿನ ಪಕ್ಕೆಲುಬುಗಳು ಮಡಚಿದವು, ಒಂದು ಬೆಸುಗೆ ಹರಿದು ಒಂದು ಕೋಣೆಗೆ ನೀರು ನುಗ್ಗಿತು. ಪಕ್ಕದ ಗೋಡೆ ತಡೆದುಕೊಂಡಿತು. ಅಷ್ಟರಲ್ಲಿ ನನ್ನ ಇಡೀ ಮೈ ಹಿಂದಕ್ಕೆ ಹೊರಟಿತ್ತು. ತಲೆ ಮಾತ್ರ ಎತ್ತರದಲ್ಲಿ ಒಂದು ಕ್ಷಣ ಇದ್ದಲ್ಲೇ ನಿಂತು, ಆಮೇಲೆ ಗೋಪುರ ಬಾಗಿ ಝಾಡಿಸಿದಾಗ ರಭಸದಿಂದ ಹಿಂದೆ ಬಂತು. ಒಳಗಿನ ಯಂತ್ರಗಳೆಲ್ಲ ಕಿರುಗುಟ್ಟಿದವು. ಹಡಗಿನ ಕಡೆಯ ಎರಡು ಸರಪಳಿಗಳು ತಳದ ಕೆಸರಿನಿಂದ ಒಂದೊಂದೇ ಕೊಂಡಿಯಾಗಿ ಎದ್ದವು. ಮೂರನೆಯದು ಸಡಿಲಗೊಂಡು ಜೋತುಬಿತ್ತು. ನಾನು ಹಿಂದಕ್ಕೆ ಹೋದೆ, ಹಿಂದಕ್ಕೆ ಬಾಗಿದೆ. ಮೇಡಂ ಹೇಳಿದ್ದು ಅಕ್ಷರಶಃ ನಡೆಯಿತು. ಹಡಗಿನ ಹೊಟ್ಟೆ ಒಡೆಯಲಿಲ್ಲ, ಅದರಲ್ಲಿದ್ದ ಒಬ್ಬನಿಗೂ ಗಾಯವಾಗಲಿಲ್ಲ. ನಾನು ಬೀಳಲಿಲ್ಲ.

ನನ್ನ ಈಶಾನ್ಯದ ಕಾಲು, ಅವರು ನಂಬಿ ಹಗ್ಗ ಕಟ್ಟಿದ್ದ ಕಾಲು, ದೋಣಿಯ ಮೇಲೆ ಹೋಯಿತು. ಹಗ್ಗ ಬಿಗಿದಿದ್ದರಿಂದ ದೋಣಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಕಾಲು ಬಾಗುತ್ತ ನೀರಿಗೆ ತಗ್ಗಿದಂತೆ ದೋಣಿಯೂ ಅದರ ಅಡಿಗೆ ಹೋಯಿತು. ಮರ ಮುರಿದದ್ದು ನನ್ನ ಉಕ್ಕಿಗೆ ತಿಳಿಯಿತು. ಇನ್ನೊಂದೂ ತಿಳಿಯಿತು, ಅದನ್ನು ಹೇಳಲಾರೆ.

ಹಡಗು ನನ್ನ ಮೈ ಸವರಿಕೊಂಡು ಪಕ್ಕಕ್ಕೆ ಜಾರಿ ಮುಂದೆ ಹೋಯಿತು. ಎದ್ದಿದ್ದ ಸರಪಳಿಗಳ ಭಾರ ನನ್ನನ್ನು ಎಳೆಯಿತು. ನಾನು ತೂಗಾಡುತ್ತ, ತೂಗಾಡುತ್ತ, ನನ್ನ ಜಾಗಕ್ಕೆ ಮರಳಿದೆ. ಎಲ್ಲ ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂರನೆಯ ಕಾಲಿನ ಹಿಂದೆ ನೀರು ಮೊದಲಿನಷ್ಟೇ ತಣ್ಣಗಿತ್ತು. ಅಲ್ಲಿ ಈಗ ಒಂದು ಚಪ್ಪಲಿ, ಹಲಗೆಯ ಚೂರುಗಳು. ಪುರಂದರ ಏಣಿಗೆ ಜೋತುಬಿದ್ದು ಮಾವಾ ಮಾವಾ ಎಂದು ಕರೆಯುತ್ತಿದ್ದ. ಸಂಜೆಯವರೆಗೂ ಕರೆದ. ಮರುದಿನ ಗಾಳಿ ಇಳಿದ ಮೇಲೆ ಅವನನ್ನು ಕರೆದೊಯ್ದರು. ವಾಸು ಸಿಗಲಿಲ್ಲ, ಹೆಣವೂ ಸಿಗಲಿಲ್ಲ.

ವಾರದ ಮೇಲೆ ನನ್ನ ಗಾಯ ನೋಡಲು ಜನ ಬಂದರು. ತೋಂಟೇಶನೂ ಇದ್ದ. ಎಲ್ಲಿ ಏನಾಯಿತೆಂದು ತೋರಿಸಲು ಪುರಂದರನನ್ನೂ ಕರೆತಂದಿದ್ದರು. ಅಧಿಕಾರಿಯೊಬ್ಬರು ಅವನನ್ನು ಬಯ್ಯುವ ಧಾಟಿಯಲ್ಲೇ ಕೇಳಿದರು: ಹಡಗು ಬರುವುದು ಕಂಡ ಮೇಲೂ ಅಲ್ಲೇ ಯಾಕೆ ಕೂತಿರಿ, ತಲೆ ನೆಟ್ಟಗಿತ್ತೇ ಎಂದು. ಪುರಂದರ ತಲೆ ಎತ್ತದೆ ಹೇಳಿದ.

"ಮಾವ ಹೇಳ್ರ್, ಇದ್ ಸ್ಥಾವರ, ಅಲುಗುದಿಲ್ಲೆ ಅಂದ್. ನಿಮ್ಮವ್ರೇ ಹೇಳಿದ್ದ್ ಅಂಬ್ರ್."

ಅಧಿಕಾರಿಗೆ ಅರ್ಥವಾಗಲಿಲ್ಲ. ಹಾಗೆ ಯಾರೂ ಹೇಳಿರಲಿಕ್ಕಿಲ್ಲ ಎಂದು ಮುಂದಿನ ಪ್ರಶ್ನೆಗೆ ಹೋದರು. ತೋಂಟೇಶ ಟಾರ್ಚು ಕೆಳಗಿಟ್ಟ. ಅವನು ಅಟ್ಟದ ಮೇಲೆ ಕೂತ. ಎಂದೂ ಕಡಲಿಗೆ ಬೆನ್ನು ಹಾಕಿ ಕೂರುವವನು ಅಂದು ಕಡಲ ಕಡೆಗೇ ಮುಖ ಮಾಡಿ ಕೂತ. ಜೊತೆಯವರು ವಾಂತಿ ಬರುತ್ತಿರಬೇಕೆಂದು ತಿಳಿದು ನಿಂಬೆಹುಳಿ ಪೆಪ್ಪರ್‌ಮಿಂಟು ಕೊಟ್ಟರು. ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ.

ವಿಚಾರಣೆ ಮುಗಿಯಿತು. ನಾನು ವಿನ್ಯಾಸದಂತೆಯೇ ವರ್ತಿಸಿದ್ದೇನೆ ಎಂದು ತೀರ್ಮಾನವಾಯಿತು. ಹಡಗು ಉಳಿಯಿತು, ಎಣ್ಣೆ ಸೋರಲಿಲ್ಲ, ಸ್ಥಾವರ ಮುಳುಗಲಿಲ್ಲ. ಒಬ್ಬ ಅತಿಕ್ರಮಣಕಾರ ಸತ್ತ. ನನ್ನನ್ನು ಅಷ್ಟು ಹೊಗಳಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ. ನಾಚಿಕೆಯಿಂದ ಮುಳುಗಿಹೋಗಲು ಸಾಧ್ಯವಿದ್ದರೆ ಮುಳುಗುತ್ತಿದ್ದೆ. ಆದರೆ ಆ ಕೋಣೆಗಳು, ಆ ಗೋಡೆಗಳು ಬಿಡುವುದಿಲ್ಲ.

ಗಾಯಕ್ಕೆ ತೇಪೆ ಹಾಕಿ ಇನ್ನೂ ಕೆಲಕಾಲ ದುಡಿಸಿದರು. ನನಗೆ ಮೊದಲಿನ ಗಟ್ಟಿತನ ಬರಲಿಲ್ಲ. ಝಾಡಿಸಿದ ಏಟಿಗೆ ಗೋಪುರದ ಬುಡದಲ್ಲಿ ಸಣ್ಣ ಬಿರುಕು ಬಿಟ್ಟಿತ್ತು, ಅದು ಬೆಳೆಯುತ್ತ ಹೋಯಿತು. ಮೀನುಗಾರರು ಯಾರೂ ಹತ್ತಿರ ಬರುತ್ತಿರಲಿಲ್ಲ. ದೂರದಿಂದ ಹೋಗುವಾಗ ಬೆರಳು ಮಾಡಿ ತೋರಿಸುತ್ತಿದ್ದರು. ಅಂಜಲ್ ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ನನ್ನ ಕಾಲ ಸುತ್ತ ಸುತ್ತುತ್ತಿದ್ದವು. ಕೊನೆಗೆ ಲಾಭವಿಲ್ಲವೆಂದು ಸರಪಳಿ ಬಿಚ್ಚಿ, ನನ್ನನ್ನು ದಡಕ್ಕೆ ಎಳೆದು ತಂದು ಗುಜರಿಯವರಿಗೆ ಒಪ್ಪಿಸಿದರು.

ಈಗ ನಾನಿರುವುದು ಒಂದು ನದಿಯ ಅಳಿವೆಯ ಪಕ್ಕದ ಒಡೆಯುವ ಅಂಗಳದಲ್ಲಿ. ರೆಕ್ಕೆಗಳನ್ನು ಬಿಚ್ಚಿ ಮರಳಿನ ಮೇಲೆ ಮಲಗಿಸಿದ್ದಾರೆ. ಆಡುಗಳು ಅವುಗಳ ಮೇಲೆ ಹತ್ತಿ ನಿಲ್ಲುತ್ತವೆ. ತಲೆಯನ್ನು ಇಳಿಸಿಯಾಗಿದೆ. ತಲೆ ಇಳಿಸಲು ಕಂಪನಿ ಕಳಿಸಿದ್ದು ತೋಂಟೇಶನನ್ನೇ. ಅವನ ಕಿವಿಯ ಬಳಿ ಕೂದಲು ನರೆತಿತ್ತು. ಬಂದ ದಿನವೇ ಆಚೀಚೆ ನೋಡಿ ನನ್ನ ಫಲಕದ ಬೋಲ್ಟು ಬಿಚ್ಚಿದ. ಆ ಮಾತಿನ ಕಡೆ ಒಮ್ಮೆ ನೋಡಿ, ಫಲಕವನ್ನು ಗುಜರಿಯ ರಾಶಿಗೆ ಹಾಕಿದ.

ಅವನು ಅಲ್ಲಿರುವಾಗಲೇ ಒಂದು ಬೆಳಿಗ್ಗೆ ಪುರಂದರ ಬಂದ. ಜೊತೆಗೆ ಒಬ್ಬ ಮುದುಕಿ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನಡೆಯುವವಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಸೀತು. ಗಂಟುನೋವು ಹೆಚ್ಚಾಗಿತ್ತು. ಹೆಣ ಸಿಗದೆ ಅಣ್ಣನ ಕ್ರಿಯೆಯೆಲ್ಲ ದರ್ಭೆಯ ಗೊಂಬೆ ಮಾಡಿ ಮುಗಿಸಿದ್ದರಂತೆ. ಆದರೂ ಅವಳಿಗೆ ಅವನು ಹೋದ ಜಾಗಕ್ಕೆ ಹೋಗಿ ಒಂದು ಸಲ ಬಡಿಸಬೇಕು ಎಂದು ಇತ್ತು. ಕಡಲ ನಡುವಿನ ಆ ಜಾಗಕ್ಕೆ ಅವಳನ್ನು ಯಾರು ಕರೆದೊಯ್ಯುತ್ತಾರೆ? ಜಾಗವೇ ದಡಕ್ಕೆ ಬಂದಿದೆ ಎಂದು ಪುರಂದರ ಹೇಳಿದನಂತೆ.

ಅವಳು ನನ್ನ ಕಾಲಿನೆದುರು ಬಾಳೆ ಎಲೆ ಹಾಸಿದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಬಡಿಸುವ ಮೊದಲು ಯಾವ ಕಾಲು ಎಂದು ಕೇಳಿದಳು. ಏಣಿಗಳನ್ನು ಆಗಲೇ ಕಿತ್ತು ಹಾಕಿದ್ದರು, ಪುರಂದರನಿಗೆ ಮೂರೂ ಒಂದೇ ಥರ ಕಂಡವು. ತೋಂಟೇಶ ದೂರದಲ್ಲಿ ನಿಂತಿದ್ದವನು ಹತ್ತಿರ ಬಂದು ತೋರಿಸಿದ. ತೋರಿಸಿದವನು ಅಲ್ಲಿಂದ ಹೋಗಲಿಲ್ಲ. ಅವಳು ಎಲೆಯನ್ನು ಸರಿಯಾದ ಕಾಲಿನ ಬಳಿಗೆ ಸರಿಸಿ, ಬಡಿಸಿ, ಕೈಮುಗಿದು ಮುಗಿಸುವವರೆಗೂ ಕಾದು ನಿಂತು ಹೇಳಿದ.

"ಅವ್ವಾ, ಆ ಮಾತು ನಿಮ್ಮಣ್ಣಗ ಹೇಳಿದಾಂವ ನಾನ. 'ಸ್ಥಾವರ ಅಲುಗೂದಿಲ್ಲ' ಅಂತ. ಶಬ್ದದ ಅರ್ಥ ಹೇಳಿದ್ನಿ. ಇದರ ಗುಣ ಹೇಳಲಿಲ್ಲ."

ಪುರಂದರ ಅವನನ್ನೇ ನೋಡಿದ. ಒಂದು ಹೆಜ್ಜೆ ಅವನ ಕಡೆಗೆ ಇಟ್ಟ. ಸೀತು ಮಾತ್ರ ಬಯ್ಯಲಿಲ್ಲ, ಅಳಲಿಲ್ಲ. ನನ್ನ ಕಾಲಿನ ಮೇಲಿನ ಒಣಗಿದ ಚಿಪ್ಪುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಇದು ಎಷ್ಟು ದೂರ ಹೋಯಿತು ಎಂದು ಕೇಳಿದಳು. ತೋಂಟೇಶ ಅಂಗಳದ ಆಚೆಯ ಬೇಲಿ ತೋರಿಸಿ, ಅಷ್ಟು ದೂರ ಎಂದ. ಆಮೇಲೆ ಏನಾಯಿತು ಎಂದು ಕೇಳಿದಳು. ಸರಪಳಿ ಇರುತ್ತದೆ, ಅದು ಎಳೆಯುತ್ತದೆ, ಹೋದದ್ದು ಮತ್ತೆ ಅದೇ ಜಾಗಕ್ಕೆ ಬರುತ್ತದೆ ಎಂದು ಅವನು ತಡವರಿಸುತ್ತ ವಿವರಿಸಿದ. ಅದೇ ಜಾಗಕ್ಕೆಯೇ ಎಂದು ಅವಳು ಇನ್ನೊಮ್ಮೆ ಕೇಳಿದಳು. ಅವನು ಹೌದೆಂದ.

"ಇದ್ ಬಂತ್," ಎಂದಳು ಸೀತು. "ನಮ್ಮಣ್ಣ ಬರ್ಲಿಲ್ಲೆ."

ಅಷ್ಟೇ ಹೇಳಿ, ಪುರಂದರನ ಭುಜ ಹಿಡಿದು ಎದ್ದಳು. ತೋಂಟೇಶ ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಅವರು ಹೋದ ಮೇಲೆ ಕಾಗೆ ಬಂದು ಎಲೆ ಮುಟ್ಟಿತು.

ನಾಳೆಯಿಂದ ನನ್ನ ಕಾಲುಗಳನ್ನು ಕೊಯ್ಯುತ್ತಾರೆ. ಗ್ಯಾಸಿನ ಸಿಲಿಂಡರುಗಳನ್ನು ಇವತ್ತೇ ತಂದು ಸಾಲಾಗಿ ಇಟ್ಟಿದ್ದಾರೆ. ಅದರ ಬಗ್ಗೆ ನನಗೆ ದುಃಖವಿಲ್ಲ, ಇಷ್ಟು ಉಕ್ಕು ಎಲ್ಲೋ ಒಂದು ಕಡೆ ಏನಾದರೂ ಆಗುತ್ತದೆ. ದುಃಖವಿರುವುದು ಬೇರೆ. ಈ ಅಂಗಳಕ್ಕೂ ಭರತದ ನೀರು ಬರುತ್ತದೆ. ನೀರು ಏರಿದಾಗ ನನ್ನ ಟೊಳ್ಳು ಕಾಲುಗಳು ಇನ್ನೂ ತೇಲುತ್ತವೆ. ನಾನು ಕೆಸರು ಬಿಟ್ಟು ಒಂದಿಷ್ಟು ಮೇಲೆದ್ದು ಪಕ್ಕಕ್ಕೆ ಸರಿಯುತ್ತೇನೆ. ನೀರು ಇಳಿಯುವಾಗ ಕಟ್ಟಿದ ಹಗ್ಗ ಎಳೆಯುತ್ತದೆ. ದಿನಕ್ಕೆರಡು ಸಲ, ಯಾರಿಗೂ ಬೇಡವಾಗಿ, ನಾನು ಹೋದಲ್ಲಿಂದ ಸರಿಯಾಗಿ ನನ್ನ ಜಾಗಕ್ಕೇ ಮರಳಿ ಬರುತ್ತೇನೆ.